ಷಡ್ಡಕನ ಕ್ಯಾರೆಟ್

ಟೊರಾಂಟೊದಲ್ಲಿರುವ ನನ್ನ ಷಡ್ಡಕನಿಗೆ ಚಳಿಗಾಲ ಬಂತೆಂದರೆ ಹಬ್ಬ. ಉತ್ತರ ಕೆನಡಾದ ಕೆರೆಗಳು ಹೆಪ್ಪುಗಟ್ಟುತ್ತವೆ, ಮಂಜುಗಡ್ಡೆಯ ಮೇಲೆ ರಿಗ್ಗು ಬಂದು ನಿಲ್ಲುತ್ತದೆ, ವಜ್ರ ಹುಡುಕುವ ಕಂಪನಿಯೊಂದರ ಷೇರು ಕೊಂಡಿರುವ ಇವನ ಉಳಿತಾಯ ಖಾತೆಗೆ ತೂತು ಬೀಳಲು ಶುರುವಾಗುತ್ತದೆ.

‘ವಜ್ರಕ್ಕೆ ಕೆರೆ ಯಾಕೋ ಕೊರೀಬೇಕು?’ ಎಂದು ಕೇಳಿ ಕೆಟ್ಟೆ. ಅಡುಗೆಮನೆಗೆ ನುಗ್ಗಿ, ನಾದಿನಿ ಕೋಸಂಬರಿಗೆಂದು ತುರಿಯುತ್ತಿದ್ದ ಕ್ಯಾರೆಟ್ ಕಿತ್ತುಕೊಂಡು ಬಂದ.

‘ನೋಡು, ವಜ್ರ ಸಿಗೋ ಕಿಂಬರ್ಲೈಟ್ ಕೊಳವೆ ಹೀಗೇ ಇರೋದು. ಮೇಲೆ ಅಗಲ, ಕೆಳಗೆ ಚೂಪು. ಮೆತ್ತನೆ ಕಲ್ಲು. ಹಿಮನದಿ ಅದರ ನೆತ್ತಿ ಕೆರೆದುಕೊಂಡು ಹೋಗಿದೆ, ಆ ಗುಂಡೀಲಿ ನೀರು ನಿಂತಿದೆ. ಇನ್ನು ಒಳಗೆಷ್ಟು ಕ್ಯಾರೆಟ್ ಇದೆ ಅನ್ನೋದೇ ಪ್ರಶ್ನೆ.’

‘ಅರ್ಧ ಕೆಜಿ ಇತ್ತು, ಒಂದು ಈಗ್ತಾನೆ ಕಾಣೆಯಾಯ್ತು’ ಎಂದಳು ನಾದಿನಿ ಒಳಗಿನಿಂದ.

ಇವನ ಪುರಾಣದ ಮೂಲಪುರುಷರು ಭೂವಿಜ್ಞಾನಿಗಳಾದ ಚಕ್ ಫಿಪ್ಕೆ ಮತ್ತು ಸ್ಟೂವರ್ಟ್ ಬ್ಲಸನ್. ವಜ್ರದ ಸುಳಿವು ಕೊಡುವ ಗಾರ್ನೆಟ್ ಕಾಳುಗಳ ಜಾಡು ಹಿಡಿದು ವರ್ಷಗಟ್ಟಲೆ ಅಲೆದವರಿಗೆ 1991ರಲ್ಲಿ ಪಾಯಿಂಟ್ ಲೇಕ್‌ನ 59 ಕೆಜಿ ಕಲ್ಲಿನಲ್ಲಿ 81 ಪುಟ್ಟ ವಜ್ರ ಸಿಕ್ಕವು. 1998ಕ್ಕೆ ಅದೇ ಸೀಮೆಯಲ್ಲಿ ಎಕಾಟಿ ಗಣಿ ಎದ್ದಿತು. ಈ ಕಥೆ ಮುಗಿಯದೆ ಅವರ ಮನೆಯಲ್ಲಿ ಕಾಫಿ ಹುಟ್ಟುವುದಿಲ್ಲ. 1994ರಲ್ಲಿ ಟ್ಲಿ ಕ್ವಿ ಚೋ ಕೊಳವೆಯ ದೊಡ್ಡ ಮಾದರಿ ಕೈಕೊಟ್ಟು ಷೇರುಗಳು ದಬದಬನೆ ಬಿದ್ದದ್ದನ್ನು ನಾನು ತೆಗೆದರೆ ಮಾತ್ರ, ಅವನಿಗೆ ಎಲ್ಲಿಂದಲೋ ಫೋನ್ ಬಂದುಬಿಡುತ್ತದೆ.

ಕಂಪನಿಯ ಪ್ರಕಟಣೆಯನ್ನು ಅವನು ಓದುವುದು ವರನ ಜಾತಕ ಓದಿದ ಹಾಗೆ. ಕಿಂಬರ್ಲೈಟ್ ಸಿಕ್ಕಿತೆಂದರೆ ವಜ್ರವೇ ಸಿಕ್ಕಿತು. ನೂರು ಕೊಳವೆಯಲ್ಲಿ ಗಣಿಯಾಗುವುದು ಒಂದೋ ಎರಡೋ ಎಂಬ ಲೆಕ್ಕ ಬೇರೆಯವರ ಕೊಳವೆಗಳಿಗೆ. ಹೋದ ವರ್ಷ ಪ್ರಯೋಗಾಲಯದವರು ಕಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಏಳು ವಜ್ರ ಹೆಕ್ಕಿದರು. ಮನೆಯಲ್ಲಿ ಪಾಯಸ. ಏಳೂ ಚಿರೋಟಿ ರವೆಗಿಂತ ಸಣ್ಣವು. ಆಮೇಲೆ ಕಂಪನಿ ಹತ್ತು ಷೇರು ಸೇರಿಸಿ ಒಂದು ಮಾಡಿತು. ‘ರಾತ್ರೋರಾತ್ರಿ ಬೆಲೆ ಹತ್ತು ಪಟ್ಟು!’ ಎಂದು ನನಗೆ ಫೋನು. ಸಾವಿರ ಷೇರು ನೂರಾದವಲ್ಲ ಎನ್ನಲು ಬಾಯಿ ಬರಲಿಲ್ಲ. ಪಾಯಸ ತಿಂದ ಋಣ.

ಈ ಕೊರೆತದ ಹುಚ್ಚು ವಂಶದಲ್ಲೇ ಬಂದದ್ದು. ಇವನ ಅಪ್ಪ ಶಿರಾ ಹತ್ತಿರ ತೋಟಕ್ಕೆಂದು, ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ಎದ್ದ ಕಡೆಯೆಲ್ಲ ಬೋರ್ ಹಾಕಿಸಿದವರು. ಒಂಬತ್ತರಲ್ಲಿ ಎರಡಕ್ಕೆ ನೀರು, ಏಳಕ್ಕೆ ಧೂಳು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಮಗ ಸಪ್ಪೆ ಮೋರೆ ಹಾಕಿಕೊಂಡು, ಮುನ್ನೂರು ಮೀಟರ್ ಕೊರೆದರೂ ಬರೀ ಗ್ರಾನೈಟು ಬರ್ತಿದೆ ಎಂದ. ಮುದುಕರು ಕನ್ನಡಕ ಸರಿಮಾಡಿಕೊಂಡು ಫೋನಿಗೆ ಹತ್ತಿರವಾದರು.

‘ಅಂದ್ರೆ ಸಾವಿರ ಅಡಿ. ಗಾಡಿ ಹೊರಟ್ಹೋಯ್ತಾ?’

‘ಇಲ್ಲಪ್ಪ, ಅಲ್ಲೇ ನಿಂತಿದೆ.’

‘ಹಂಗಾದ್ರೆ ಇನ್ನೊಂದೈವತ್ತಡಿ ಬಿಡ್ಸು.’