ಕಂಟೈನರ್-ಬಿಂಬ-ಪರಿಪಾಲನ-ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಲ್ಲಿಯೇ ನಿರೂಪಿಸತಕ್ಕದ್ದೆಂಬುದು ಪ್ರಾಚೀನರ ಕಟ್ಟಳೆಯಾಗಿರುವುದರಿಂದ, ಅದನ್ನು ಮೀರುವ ಧೈರ್ಯವಿಲ್ಲದ ಈ ಲೇಖಕನೂ ಆ ವಿಧಿಯನ್ನು ನೆರವೇರಿಸಿಯೇ ಮುಂದಕ್ಕೆ ಅಡಿಯಿಡುತ್ತಾನೆ. ವಿಷಯವೆಂದರೆ, ಮುಕ್ತ ತಂತ್ರಾಂಶ ಯೋಜನೆಯೊಂದಕ್ಕೆ ದೇಶದೇಶಾಂತರಗಳ ಜನ ಬರೆದು ಕಳುಹಿಸುವ ಕೋಡು ಸರಿಯಾಗಿ ಬಿಲ್ಡ್ ಆಗುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸುವ ಸಲುವಾಗಿ ಎಲ್ಲರೂ ಹಂಚಿಕೊಂಡು ಬಳಸುವ ಕಂಟೈನರ್ ಇಮೇಜುಗಳು. ಪ್ರಯೋಜನವೆಂದರೆ, ನಿದ್ರೆ. ಸಂಬಂಧವು ಮುಂದೆ ತಾನಾಗಿಯೇ ತಿಳಿದುಬರುವುದು; ತಿಳಿಯದಿದ್ದಲ್ಲಿ ಇಲ್ಲವೆಂದೇ ಭಾವಿಸತಕ್ಕದ್ದು. ಇನ್ನು ಅಧಿಕಾರಿ: ಕೋಡಿನಲ್ಲಿ ತನ್ನ ತಪ್ಪೊಂದೂ ಇಲ್ಲದೆ, ಟಿಪ್ಪಣಿಯೊಳಗಿನ ಒಂದು ಅಲ್ಪವಿರಾಮವನ್ನು ತಿದ್ದಿದ ಮಾತ್ರಕ್ಕೆ, ಬಿಲ್ಡ್ ಮೂರು ಸಲ ಕೆಂಪಾದುದನ್ನು ನಡುರಾತ್ರಿಯಲ್ಲಿ ಕಣ್ಣಾರೆ ಕಂಡವನು ಮಾತ್ರವೇ ಅಧಿಕಾರಿ. ಉಳಿದವರು ಓದಬಾರದೆಂದಲ್ಲ, ಓದಿದರೂ ಅವರಿಗೆ ಕಣ್ಣೀರು ಬರಲಾರದು.

ಇಮೇಜ್ ಎಂಬ ಪದವನ್ನು ಕನ್ನಡಿಸುವಲ್ಲಿ ಏಕಾಭಿಪ್ರಾಯವಿಲ್ಲ. ಬಿಂಬವೆಂದರೆ ಪ್ರತಿಬಿಂಬವೆಲ್ಲಿ ಎಂದು ಕೇಳುವವರುಂಟು. ಮೂರ್ತಿಯೆಂದರೆ ಪೂಜೆಗೆ ಯಾರು ಎಂಬ ಪ್ರಶ್ನೆ ಏಳುತ್ತದೆ. ಶೀರ್ಷಿಕೆಯ ಗಾಂಭೀರ್ಯಕ್ಕೋಸ್ಕರ ನಾವು ಬಿಂಬವೆಂದಿದ್ದರೂ, ಮನಸ್ಸಿನಲ್ಲಿರುವ ಮಾತು ಅಚ್ಚು. ಗಣೇಶನ ಹಬ್ಬಕ್ಕೆ ಮುಂಚೆ ಕುಂಬಾರನ ಮನೆಯಲ್ಲಿರುವ ಅಚ್ಚು ಒಂದೇ, ಅದರಿಂದ ಹೊರಟ ಮಣ್ಣಿನ ಗಣಪತಿಗಳು ನೂರು. ಅವನ್ನು ಮನೆಮನೆಯಲ್ಲಿ ಕೂರಿಸಿ, ಕಡುಬು ನಿವೇದಿಸಿ, ಸಂಜೆಗೆ ಕೆರೆಗೆ ಬಿಡುವಂತೆಯೇ, ಇಮೇಜಿನಿಂದ ಕಂಟೈನರುಗಳನ್ನು ಎಬ್ಬಿಸಿ, ಅವುಗಳೊಳಗೆ ಕೋಡನ್ನು ಕಂಪೈಲ್ ಮಾಡಿ, ಪರೀಕ್ಷೆ ಮುಗಿದೊಡನೆ ವಿಸರ್ಜಿಸುತ್ತಾರೆ. ಭೇದವಿಷ್ಟೆ: ಗಣಪತಿಯನ್ನು ಬಿಡುವಾಗ ಬರುವ ವರ್ಷವೂ ಬಾರೆಂದು ಕೇಳಿಕೊಳ್ಳುವುದುಂಟು, ಕಂಟೈನರು ಮಾತ್ರ ನೆನಪಿನ ಸಮೇತ ಮರಳಿ ಬಂದರೆ ಅನಾಹುತ. ಇದರ ಇತಿಹಾಸವನ್ನು ಬೇಗ ಮುಗಿಸುವೆನು. ಪ್ರೋಗ್ರಾಮೊಂದಕ್ಕೆ ಒಂದು ಕೋಣೆಯನ್ನೇ ಬ್ರಹ್ಮಾಂಡವೆಂದು ನಂಬಿಸುವ ‘ಸಿಎಚ್‌ರೂಟ್’ ವಿದ್ಯೆ 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿಯೇ ಇದ್ದಿತು. 2008ರಲ್ಲಿ ಲಿನಕ್ಸ್ ಕರ್ನೆಲ್ಲಿಗೆ ಸೇರಿದ ಸಿ-ಗ್ರೂಪುಗಳು ಆ ಕೋಣೆಗೆ ಪಡಿ ಅಳೆದುಕೊಡುವ ಉಗ್ರಾಣಿಗಳಾದವು. 2013ರ ಮಾರ್ಚಿನ ಪೈಕಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಎಂಬಾತ ಐದೇ ನಿಮಿಷದ ಭಾಷಣವೊಂದರಲ್ಲಿ ಡಾಕರ್ ಎಂಬ ಕಂಟೈನರ್ ಸಾಧನವನ್ನು ಲೋಕಕ್ಕೆ ತೋರಿಸಿದನು. ಐದು ನಿಮಿಷದಲ್ಲಿ ಹೇಳಿ ಮುಗಿಸಿದ್ದಕ್ಕೆ ಬರೆದ ಭಾಷ್ಯಗಳು ಇನ್ನೂ ಮುಗಿದಿಲ್ಲ, ಇದೂ ಒಂದು.

ಇಮೇಜು ಪದರಪದರವಾಗಿ ಕೂಡಿದುದು. ಡಾಕರ್‌ಫೈಲ್ ಎಂಬ ಸೂತ್ರಪಾಠದಲ್ಲಿ ಕಡತಗಳನ್ನು ಮುಟ್ಟುವ ಒಂದೊಂದು ಸೂತ್ರವೂ ಹಿಂದಿನ ಪದರದ ಮೇಲೆ ಹೊಸ ಪದರವನ್ನು ಹಾಸುತ್ತದೆ. ಇವು ಒಂದರೊಡನೊಂದು ಸೇರುವ ಬಗೆಯನ್ನು ವಿವರಿಸಲು ಪಾಶ್ಚಾತ್ಯ ಪಂಡಿತರು ಪಟ್ಟಿರುವ ಪಾಡನ್ನು ನೋಡಿದಾಗ, ಅವರಲ್ಲಿ ಒಬ್ಬನಾದರೂ ನಮ್ಮ ಪ್ರೌಢಶಾಲೆಯೊಂದರಲ್ಲಿ ಕನ್ನಡ ವ್ಯಾಕರಣವನ್ನು ಓದಿದ್ದರೆ ಎಷ್ಟು ಶಾಯಿ ಉಳಿಯುತ್ತಿತ್ತಲ್ಲಾ ಎಂದು ಮರುಕವಾಗುತ್ತದೆ. ಹೊಸ ಕಡತ ಬಂದು ಸೇರುವುದು ಆಗಮ. ಇದ್ದ ಕಡತದ ಜಾಗದಲ್ಲಿ ಮತ್ತೊಂದು ಬಂದು ಕೂರುವುದು ಆದೇಶ. ಇದ್ದುದು ಇಲ್ಲವಾಗುವುದು ಲೋಪ. ಆದರೆ ಲೋಪದ ವಿಚಾರದಲ್ಲಿ ಒಂದು ಸೂಕ್ಷ್ಮವುಂಟು. ‘ಊರು’ ಎಂಬುದಕ್ಕೆ ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಲೋಪವಾದ ಉಕಾರವು ನಿಜವಾಗಿಯೂ ತೊಲಗಿಹೋಗುತ್ತದೆ. ಇಮೇಜಿನ ಲೋಪವಾದರೋ ತೋರಿಕೆಯದು. ಕೆಳಗಿನ ಪದರದಲ್ಲಿ ತಂದಿಟ್ಟ ಭಾರಿ ಕಡತವನ್ನು ಮೇಲಿನ ಪದರದಲ್ಲಿ ಅಳಿಸಿದರೆ, ಅದರ ಮೇಲೆ ‘ವೈಟ್‌ಔಟ್’ ಎಂಬ ಸುಣ್ಣದ ಗುರುತು ಬೀಳುವುದೇ ಹೊರತು ತೂಕ ಗುಲಗಂಜಿಯಷ್ಟೂ ಇಳಿಯುವುದಿಲ್ಲ; ಕಣ್ಣಿಗೆ ಇಲ್ಲ, ಹೊರೆಗೆ ಉಂಟು. ಪಾಸ್‌ವರ್ಡನ್ನು ಹೀಗೆ ಅಳಿಸಿ ನೆಮ್ಮದಿಯಾಗಿ ಮಲಗಿದವರ ಕೆಳಪದರವನ್ನು ಮೆಲ್ಲನೆ ಎತ್ತಿ ನೋಡುವ ಸಂಶೋಧಕರೂ ಲೋಕದಲ್ಲಿದ್ದಾರೆ. ಆದಕಾರಣ ತಂದುದನ್ನು ತಂದ ಸೂತ್ರದೊಳಗೇ ಅಳಿಸತಕ್ಕದ್ದೆಂಬುದು ವಿಧಿ. ಒಂದೇ ಸೂತ್ರವು ಹದಿನೆಂಟು ಸಾಲು ಉದ್ದವಾಗಿ, ಸಾಲುಸಾಲಿನ ತುದಿಯಲ್ಲಿಯೂ ಓರೆಗೆರೆಯೊಂದನ್ನು ಹೊತ್ತುಕೊಂಡು, ಈ ಲೇಖಕನ ವಾಕ್ಯದಂತೆ ತೆವಳುವುದಕ್ಕೆ ಅದೇ ಕಾರಣ.

ಪ್ರಕೃತ ನಿದರ್ಶನಕ್ಕೆ ಕ್ಯೂಎಮು ಯೋಜನೆಯನ್ನು ತೆಗೆದುಕೊಳ್ಳೋಣ. ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಬಯಲಿಗೆ ತಂದ ಈ ತಂತ್ರಾಂಶವು, ಒಂದು ಜಾತಿಯ ಪ್ರೊಸೆಸರಿನ ಮೇಲೆ ನಿಂತು ಮತ್ತೊಂದು ಜಾತಿಯದರ ವೇಷ ಕಟ್ಟುವ ಬಹುರೂಪಿ. ಡೆಬಿಯನ್, ಫೆಡೋರಾ, ಓಪನ್‌ಸೂಸೆ, ಆಲ್ಪೈನ್ ಮುಂತಾದ ಹಲವು ಲಿನಕ್ಸ್ ಸಂಪ್ರದಾಯಗಳಲ್ಲಿಯೂ ಅದು ಬಿಲ್ಡ್ ಆಗಬೇಕಾದುದರಿಂದ ಸಂಪ್ರದಾಯಕ್ಕೊಂದು ಇಮೇಜು ಬೇಕು. ಸಂಕಟ ಹುಟ್ಟುವುದು ಹೆಸರುಗಳಲ್ಲಿ. ಕ್ಯೂಎಮುವಿಗೆ ಅನಿವಾರ್ಯವಾದ ಜೀಲಿಬ್ ಎಂಬ ಸಾಮಗ್ರಿಯು ಡೆಬಿಯನ್ನಿನಲ್ಲಿ ‘ಲಿಬ್‌ಜೀಲಿಬ್2.0-ಡೆವ್’, ಫೆಡೋರಾದಲ್ಲಿ ‘ಜೀಲಿಬ್2-ಡೆವೆಲ್’, ಆಲ್ಪೈನಿನಲ್ಲಿ ‘ಜೀಲಿಬ್-ಡೆವ್’ ಎಂದು, ತವರಿನಲ್ಲೊಂದು ಅತ್ತೆಮನೆಯಲ್ಲೊಂದು ಹೆಸರುಳ್ಳ ಸೊಸೆಯ ಹಾಗೆ ಕರೆಸಿಕೊಳ್ಳುತ್ತದೆ. ಈ ವ್ಯಾಧಿಗೆ ಅಮರಸಿಂಹನು ಎಂದೋ ಔಷಧವನ್ನು ಅರೆದಿಟ್ಟಿದ್ದಾನೆ. ಲಿಬ್‌ವರ್ಟ್ ಯೋಜನೆಯವರು ಅಮರಕೋಶವನ್ನು ಬಾಯಿಪಾಠ ಮಾಡಿದ ಕುರುಹಿಲ್ಲದಿದ್ದರೂ ಅದೇ ಮಾರ್ಗವನ್ನು ತಾವಾಗಿಯೇ ಕಂಡುಕೊಂಡರು: ಅವರ ‘ಎಲ್‌ಸಿಐಟೂಲ್’ ಎಂಬ ಸಾಧನದೊಳಗೆ ಪರ್ಯಾಯಪದಗಳ ಕೋಶವೊಂದಿದ್ದು, ಯೋಜನೆಗೆ ಬೇಕಾದುದನ್ನು ಸಾಮಾನ್ಯನಾಮದಲ್ಲಿ ಬರೆದುಕೊಟ್ಟರೆ, ಸಂಪ್ರದಾಯಕ್ಕೆ ತಕ್ಕ ಹೆಸರನ್ನಿಟ್ಟು ಡಾಕರ್‌ಫೈಲುಗಳನ್ನು ಅದೇ ಬರೆದುಕೊಡುತ್ತದೆ, ಕ್ಯೂಎಮುವಿನವರೂ ಅದನ್ನು ತಂದು ಬಳಸಿಕೊಂಡಿದ್ದಾರೆ. ಹೀಗೆ ಹುಟ್ಟಿದ ಕಡತದ ನೆತ್ತಿಯಲ್ಲಿ ಇದು ಯಂತ್ರಲಿಖಿತವೆಂಬ ಒಕ್ಕಣೆಯಿರುತ್ತದೆ. ತಾಳೆಗರಿಯ ಲಿಪಿಕಾರನು ಅಂತ್ಯದಲ್ಲಿ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿರೆಂದು ಕೈಮುಗಿದನು. ಈ ಲಿಪಿಕಾರನು ಆದಿಯಲ್ಲಿಯೇ, ತಿದ್ದಲು ಹೋಗಬೇಡಿರೆಂದು ಸೂಚಿಸುತ್ತಾನೆ. ನ್ಯಾಯ ಇವನ ಕಡೆಗೇ ಇದೆ, ಏಕೆಂದರೆ ಕೈಯಿಂದ ತಿದ್ದಿದುದೆಲ್ಲ ಮುಂದಿನ ಸಲ ಯಂತ್ರವು ಬರೆಯುವಾಗ ಗುರುತಿಲ್ಲದಂತೆ ಅಳಿಸಿಹೋಗುತ್ತದೆ.

ಇಲ್ಲಿ ದೇಶಕಾಲವಿಚಾರವೂ ಪ್ರಾಪ್ತವಾಗುತ್ತದೆ. ನಮ್ಮಲ್ಲಿ ಪುರೋಹಿತರು ಜಂಬೂದ್ವೀಪದಿಂದ ತೊಡಗಿ ಯಜಮಾನನ ಹಿತ್ತಿಲವರೆಗೂ ಹೇಳಿಸದೆ ಯಾವ ಕರ್ಮವನ್ನೂ ಆರಂಭಿಸಗೊಡುವುದಿಲ್ಲವಷ್ಟೆ. ಉಬುಂಟು ಇಮೇಜನ್ನು ಕಟ್ಟುವಾಗ ‘ಟಿಜ಼ಡ್‌ಡೇಟಾ’ ಎಂಬ ಪ್ಯಾಕೇಜು ಇದೇ ಹಠವನ್ನು ಹಿಡಿಯುತ್ತದೆ. ತಾವು ಯಾವ ಭೂಖಂಡದವರು, ಯಾವ ಪಟ್ಟಣದ ಕಾಲವನ್ನು ಅನುಸರಿಸುವವರು ಎಂದು ಕೇಳಿ, ಉತ್ತರಕ್ಕಾಗಿ ಕಾಯುತ್ತದೆ. ಮನುಷ್ಯಸಂಚಾರವೇ ಇಲ್ಲದ ಸರ್ವರಿನೊಳಗೆ, ಗಡುವು ತೀರಿ ಯಾರಾದರೂ ಕತ್ತು ಹಿಸುಕುವವರೆಗೆ, ಸಂಕಲ್ಪದ ನೀರನ್ನು ಅಂಗೈಯಲ್ಲಿ ಹಿಡಿದು ಕುಳಿತೇ ಇರುತ್ತದೆ. ಮೊದಲೇ ‘ನಾನ್‌ಇಂಟರಾಕ್ಟಿವ್’ ಎಂಬ ಮೌನದೀಕ್ಷೆಯನ್ನು ಕೊಡುವುದೇ ಇದಕ್ಕೆ ಪರಿಹಾರ.

ಇಮೇಜಿಗೆ ಹಚ್ಚುವ ಟ್ಯಾಗಿನ ಪ್ರಶ್ನೆಯಲ್ಲಿ ಎರಡು ಮತಗಳುಂಟು. ಕ್ಷಣಿಕವಾದಿಗಳು ‘ಲೇಟೆಸ್ಟ್’ ಎಂಬ ಟ್ಯಾಗನ್ನು ನೆಚ್ಚುತ್ತಾರೆ. ಆ ಪದಕ್ಕೆ ನವೀನವೆಂಬ ಅರ್ಥವಿರುವುದು ಇಂಗ್ಲಿಷಿನಲ್ಲಿ ಮಾತ್ರ. ಡಾಕರಿನಲ್ಲಿ ಅದು ಹೆಸರಿಡಲು ಮರೆತವರಿಗೆ ತಾನಾಗಿ ಒದಗುವ ಹೆಸರು, ಮೂರು ವರ್ಷದ ಮುದುಕನೂ ಅದನ್ನು ಧರಿಸಿರಬಹುದು. ನಿತ್ಯವಾದಿಗಳು ಎಸ್‌ಎಚ್‌ಎ-256ರ 64 ಅಕ್ಷರಗಳ ಡೈಜೆಸ್ಟನ್ನು ಹಿಡಿಯುತ್ತಾರೆ: ಒಳಗಿನ ಒಂದು ಬಿಟ್ ಬದಲಾದರೂ ಆ ಅಕ್ಷರಮಾಲೆ ಬದಲಾಗುವುದರಿಂದ, ನಿನ್ನೆ ಕಾಶಿಯಲ್ಲಿ ಕಂಡ ದೇವದತ್ತನೇ ಇಂದು ಮಥುರೆಯಲ್ಲಿ ಕಂಡವನೆಂದು ತಾರ್ಕಿಕರು ತಲೆಕೆಡಿಸಿಕೊಳ್ಳಬೇಕಾದ ಪ್ರಮೇಯ ಇಲ್ಲಿಲ್ಲ. ನಾವು ಎರಡನೆಯ ಮತದವರೆಂದು ಹೇಳಿಕೊಳ್ಳುತ್ತೇವೆ, ಮೊದಲನೆಯದರಂತೆ ನಡೆದುಕೊಳ್ಳುತ್ತೇವೆ. ಇದು ನಮ್ಮ ದರ್ಶನಗಳಲ್ಲಿ ಹೊಸದೇನಲ್ಲ.

ನಿತ್ಯವಾದಕ್ಕೆ ಬಂದೊದಗುವ ಕಷ್ಟವನ್ನೂ ಮುಚ್ಚಿಡಬಾರದು. ಇಮೇಜು ಬದಲಾಗದಿದ್ದರೂ ಹೊರಗಿನ ಲೋಕವು ಬದಲಾಗುತ್ತದೆ. 2019ರ ಮಾರ್ಚಿನಲ್ಲಿ ಡೆಬಿಯನ್ನಿನವರು ‘ಜೆಸ್ಸಿ’ ಆವೃತ್ತಿಯ ಕೆಲವು ಭಂಡಾರಗಳನ್ನು ಮುಖ್ಯ ಉಗ್ರಾಣದಿಂದ ತೆಗೆದುಬಿಡಲಾಗಿ, ಅದನ್ನೇ ನಂಬಿದ್ದ ಡಾಕರ್‌ಫೈಲುಗಳೆಲ್ಲ ಹಾಳುಬಿದ್ದ ಮನೆಯ ಬಾಗಿಲನ್ನು ತಟ್ಟುತ್ತ ನಿಂತವು. 2021ರ ಸೆಪ್ಟೆಂಬರ್ 30ರಂದು ‘ಡಿಎಸ್‌ಟಿ ರೂಟ್ ಸಿಎ ಎಕ್ಸ್3’ ಎಂಬ ಮೂಲ ಪ್ರಮಾಣಪತ್ರದ ಅವಧಿ ತೀರಿದಾಗ, ಹಳೆಯ ಓಪನ್‌ಎಸ್‌ಎಸ್‌ಎಲ್ ಹೊತ್ತ ಇಮೇಜುಗಳು ಅದುವರೆಗೆ ನಂಟರೆಂದು ಒಳಗೆ ಕರೆಯುತ್ತಿದ್ದವರನ್ನೇ ಕಳ್ಳರೆಂದು ಬೊಬ್ಬೆಯಿಟ್ಟವು. ಅದಕ್ಕೆ ಹಿಂದಿನ ವರ್ಷ, 2020ರ ನವೆಂಬರಿನಲ್ಲಿ, ಎಲ್ಲರೂ ಇಮೇಜುಗಳನ್ನು ಸೇದಿಕೊಳ್ಳುವ ಡಾಕರ್ ಹಬ್ ಎಂಬ ಊರಬಾವಿಗೆ ಅಳತೆ ಬಂದಿತ್ತು: ಹೆಸರು ಹೇಳದೆ ಸೇದುವವರಿಗೆ ಆರು ಗಂಟೆಗೆ 100 ಕೊಡ. ಎಣಿಕೆಯು ಐಪಿ ವಿಳಾಸದ ಲೆಕ್ಕದಲ್ಲಿ ನಡೆಯುತ್ತಿದ್ದುದರಿಂದ, ಒಂದೇ ವಿಳಾಸದ ಹಿಂದೆ ನೂರಾರು ಅಪರಿಚಿತರು ಕೆಲಸಮಾಡುವ ಕಡೆಗಳಲ್ಲಿ ನೆರೆಯವನ ಬಾಯಾರಿಕೆ ನಮ್ಮ ಖಾತೆಗೆ ಬೀಳುತ್ತಿತ್ತು. ಇಂಥ ದಿನಗಳಲ್ಲಿ ಅಲ್ಪವಿರಾಮವನ್ನು ತಿದ್ದಿದ ಬಡಪಾಯಿಗೆ ನಿನ್ನ ತಿದ್ದುಪಡಿಯಿಂದ ಬಿಲ್ಡ್ ಮುರಿಯಿತೆಂಬ ಓಲೆ ಹೋಗುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆಯೇ ಸರಿ.

ಹಾಗಾದರೆ ಸಿದ್ಧಾಂತವೇನು? ಊರಿಗೆಲ್ಲ ಒಂದಾದ ತಾಮ್ರದ ಕೊಪ್ಪರಿಗೆಯನ್ನು ನೆನೆಯಿರಿ. ಮದುವೆಗೂ ತಿಥಿಗೂ ಅದೇ. ಒಯ್ಯುವವರು ಹತ್ತು ಮನೆ, ಹುಣಿಸೆಹಣ್ಣಿನಿಂದ ಉಜ್ಜುವ ಕೈ ಒಂದು. ಕಾಲಕಾಲಕ್ಕೆ ಕಲಾಯಿ ಹಾಕಿಸದಿದ್ದರೆ ಹುಳಿಗೆ ಕಿಲುಬು ಹತ್ತುತ್ತದೆ, ಬೈಗುಳ ಅಡಿಗೆಯವನಿಗೆ ಹೋಗುತ್ತದೆ. ಗೊತ್ತಾದ ವಾರದಲ್ಲಿ ಇಮೇಜನ್ನು ಬುಡದಿಂದ ಮರಳಿ ಕಟ್ಟಿ, ಪರೀಕ್ಷಿಸಿ, ಹೊಸ ಡೈಜೆಸ್ಟನ್ನು ಎಲ್ಲರಿಗೂ ತಿಳಿಸುವುದೇ ಕಲಾಯಿ. ಇದನ್ನು ಮಾಡುವ ಮನುಷ್ಯನೊಬ್ಬನನ್ನು ಬಿಟ್ಟು ಇಮೇಜಿಗೆ ಬೇಕಾದ ಬೇರೆ ಎಲ್ಲವನ್ನೂ ಡಾಕರ್‌ಫೈಲಿನಲ್ಲಿ ಬರೆಯಲು ಬರುತ್ತದೆ. ಹಿಂದೆ ಅವನಿಗೂ ಒಂದು ಸಾಲು ಮೀಸಲಿತ್ತು, ‘ಮೇಂಟೇನರ್’ ಎಂಬುದು. 2017ರ ಜನವರಿಯಲ್ಲಿ ಹೊರಟ ಡಾಕರಿನ 1.13ನೆಯ ಆವೃತ್ತಿಯಲ್ಲಿ ಆ ಸೂತ್ರವನ್ನು ಬಳಕೆಯಿಂದ ಬಿಡತಕ್ಕದ್ದೆಂದು ಸಾರಿದರು. ಪದವಿ ಹೋಯಿತು, ಚಾಕರಿ ಉಳಿಯಿತು. ನಮ್ಮ ಅಟ್ಟದ ಮೇಲೆಯೂ ಅಜ್ಜನ ಕಾಲದ ಊರ ಕೊಪ್ಪರಿಗೆಯೊಂದಿದೆ. ಕಂಠದಲ್ಲಿ ಕೆತ್ತಿಸಿದ್ದ ಹೆಸರಿನ ಮೊದಲ ಅಕ್ಷರಗಳು ಉಜ್ಜಿ ಉಜ್ಜಿ ಸವೆದು, ‘—ಯ್ಯನವರ ಸೇವೆ’ ಎಂಬಷ್ಟು ಮಾತ್ರ ಉಳಿದಿದೆ. ಅದು ರಾಮಯ್ಯನವರೆಂದು ನಾವೂ, ಸುಬ್ಬಯ್ಯನವರೆಂದು ಎದುರುಮನೆಯವರೂ ಸಪ್ರಮಾಣವಾಗಿ ವಾದಿಸುತ್ತಿದ್ದೇವೆ; ಪಾಠವನ್ನು ಇನ್ನೊಮ್ಮೆ ಪರಿಶೀಲಿಸೋಣವೆಂದರೆ, ಹೋದ ಭಾನುವಾರದ ಸಂತರ್ಪಣೆಗೆ ಅದನ್ನು ಇಳಿಸಿಕೊಂಡು ಹೋದವರು ಇನ್ನೂ ತಂದುಕೊಟ್ಟಿಲ್ಲ.