ಇಂಗಾಲದ ಡೈಆಕ್ಸೈಡ್ ಅವರ ಪಾದಕ್ಕೆ ಒಂದು ಬಿನ್ನಹ

ಪೂಜ್ಯ ಇಂಗಾಲದ ಡೈಆಕ್ಸೈಡ್ ಅವರಿಗೆ,

ಇಂಡಿ ತಾಲ್ಲೂಕಿನ ಒಂದು ಎರೆಹೊಲದ ಬದುವಿನಿಂದ ಶರಣು ಶರಣಾರ್ಥಿ.

ತಾವು ಅನ್ನದಾತರು. ಇದು ಬಾಯುಪಚಾರದ ಮಾತಲ್ಲ. ಹಸಿರೆಲೆ ತಮ್ಮನ್ನೂ ನೀರನ್ನೂ ಬಿಸಿಲನ್ನೂ ಕೂಡಿಸಿ ಸಕ್ಕರೆ ಮಾಡದಿದ್ದರೆ ನಮ್ಮ ಹಿರಿಯರ ಹಗೇವುಗಳಲ್ಲಿ ಒಂದು ಕಾಳೂ ಬೀಳುತ್ತಿರಲಿಲ್ಲ. ಕಾರ್ಖಾನೆಗಳು ಏಳುವ ಮೊದಲು ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ತಾವು ಸುಮಾರು 280 ಇದ್ದಿರಿ. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ತಮ್ಮನ್ನು ಅಳೆಯತೊಡಗಿದಾಗ 315ರ ಆಸುಪಾಸು. ಈಗ 420 ದಾಟಿದ್ದೀರಿ. ಅನ್ನದಾತರು ಇಷ್ಟು ಹೆಚ್ಚಿದ ಮೇಲೆ ಅನ್ನವೂ ಹೆಚ್ಚಬೇಕಿತ್ತಲ್ಲ ಎಂದು ಕೇಳುವುದಕ್ಕೇ ಈ ಪತ್ರ.

ಮೊದಲು ಬಿಳಿಜೋಳದ ಮಾತು. ತಾವು ಹೆಚ್ಚಿದಷ್ಟೂ ಪೈರು ಹುಲುಸು ಎನ್ನುವವರು ಗೋಧಿ, ಭತ್ತ ನೋಡಿ ಹೇಳುತ್ತಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ತಾಟಿನಲ್ಲಿರುವುದು ಜೋಳದ ರೊಟ್ಟಿ. ಜೋಳದ ಎಲೆ ತಮ್ಮನ್ನು ತಾನೇ ಒಳಗೆಳೆದು ದಟ್ಟವಾಗಿ ಕೂಡಿಟ್ಟುಕೊಳ್ಳುವ ಜಾತಿಯದು. ಸಜ್ಜೆ, ಮೆಕ್ಕೆಜೋಳ, ಕಬ್ಬು ಅದರ ಬಳಗ. ತಾವು ಹೊರಗೆ ಎಷ್ಟು ಹೆಚ್ಚಿದರೂ ಅದರ ಹೊಟ್ಟೆ ಮೊದಲೇ ತುಂಬಿರುತ್ತದೆ. ತಾವು ಹೆಚ್ಚಿದಾಗ ಎಲೆಯ ರಂಧ್ರ ಕಿರಿದಾಗಿ ಒಂದಿಷ್ಟು ನೀರು ಉಳಿಯುತ್ತದೆ, ಆ ಉಪಕಾರ ಮರೆತಿಲ್ಲ. ಆದರೆ ಹಿಂಗಾರಿ ಜೋಳ ಬದುಕುವುದೇ ಎರೆಮಣ್ಣು ಬಚ್ಚಿಟ್ಟುಕೊಂಡ ಹಸಿಯ ಮೇಲೆ. ತಮ್ಮಿಂದ ಏರಿದ ಸೆಕೆ ಆ ಹಸಿಯನ್ನೇ ಹೀರುತ್ತದೆ. ರಾತ್ರಿ ಬೆಚ್ಚಗಾದರೆ, ಹಗಲೆಲ್ಲ ಮಾಡಿದ ಸಕ್ಕರೆಯಲ್ಲಿ ಇನ್ನಷ್ಟನ್ನು ಗಿಡ ಉಸಿರಾಡಿಯೇ ಸುಟ್ಟುಕೊಳ್ಳುತ್ತದೆ.

ಬರದ ವರ್ಷ ಎಳ್ಳಮಾವಾಸ್ಯೆಗೆ ಭೂತಾಯಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗಿದ್ದೆವು. ನೆಲ ಅಂಗೈ ಇಳಿಯುವಷ್ಟು ಬಿರಿದಿತ್ತು. ಕೆಳಗಿನ ಎಲೆಗಳು ಮುಟ್ಟಿದರೆ ಪುಡಿ. ಸೀತನಿಯ ಹೊತ್ತಿಗೆ ಮತ್ತೆ ಹೋಗಿ ಒಂದು ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ ಊದಿದೆ. ಹೊಟ್ಟು ಹಾರಿಹೋದ ಮೇಲೆ ಉಳಿದದ್ದು ಎಣಿಸಬಹುದಾದಷ್ಟು ಜೊಳ್ಳು ಕಾಳು.

ತೊಗರಿ, ಕಡಲೆಗೆ ತಾವು ನಿಜಕ್ಕೂ ಉದಾರಿಗಳು. ಎಲೆ ಹಬ್ಬುತ್ತದೆ, ಗಿಡ ಎತ್ತರಿಸುತ್ತದೆ. ಆದರೆ ತಮ್ಮನ್ನು ಹೆಚ್ಚಿಸಿ ಬೆಳೆದು ನೋಡಿದ, ಅವುಗಳದೇ ಬಳಗದ ಬಟಾಣಿ, ಸೋಯಾ ಕಾಳುಗಳಲ್ಲಿ ಸತು ಮತ್ತು ಕಬ್ಬಿಣದ ಅಂಶ ಕುಗ್ಗಿದ್ದು ಕಂಡಿದೆ. ಗೋಧಿಯಲ್ಲಿ ಪ್ರೋಟೀನೂ ಕುಗ್ಗಿದೆ. ಬೇಳೆಯನ್ನೇ ನಂಬಿದ ಬಾಣಂತಿಗೆ ನಾವೇನು ಹೇಳೋಣ?

ಮಳೆಯ ವಿಷಯದಲ್ಲಿ ಎಲ್ಲ ತಪ್ಪನ್ನೂ ತಮ್ಮ ತಲೆಗೆ ಕಟ್ಟುವುದಿಲ್ಲ. ಬರ ಈ ಜಿಲ್ಲೆಯ ಹಳೆಯ ನೆಂಟ. ಡೋಣಿ ಹರಿದರೆ ಓಣೆಲ್ಲ ಕಾಳು ಎಂದು ಆ ಹೊಳೆಯ ಹಾದಿ ಕಾದು ಕುಳಿತ ನೆಲ ಇದು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇಕಡ 7ರಷ್ಟು ಹೆಚ್ಚು ತೇವ ಹೊರಬಲ್ಲದು. ಹೊತ್ತದ್ದನ್ನು ಒಂದೇ ಸಲ ಸುರಿಯುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಇಂಡಿ, ಸಿಂದಗಿಯ ಹೊಲಗಳಿಗೆ ನುಗ್ಗಿದಳು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಇಂಡಿ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ ಬಂದದ್ದೂ ಅದೇ ವರ್ಷ. ಮಾನ ಬಂದ ಗಿಡಗಳಿಗೆ ಟ್ಯಾಂಕರ್ ನೀರು ಕೊಂಡು ಹಾಕಬೇಕಾಯಿತು.

ತಮ್ಮನ್ನು ಕರೆದವರು ಮನುಷ್ಯರೇ, ಒಪ್ಪುತ್ತೇವೆ. ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2400 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರವಿದೆ. ಅದರ ಬೆಳಕು ನಮಗೂ ಬೇಕು. ಆದರೂ ತಲೆಗೆ ಲೆಕ್ಕ ಹಾಕಿದರೆ ಭಾರತೀಯನೊಬ್ಬ ತಮ್ಮನ್ನು ಗಾಳಿಗೆ ಬಿಡುವುದು ಜಗತ್ತಿನ ಸರಾಸರಿಯ ಅರ್ಧಕ್ಕಿಂತ ಕಡಿಮೆ. ಎತ್ತು ಹೂಡುವ ಒಣಬೇಸಾಯದವನದು ಅದರಲ್ಲೂ ಎಷ್ಟು? ಸಾಲ ಮಾಡಿದವರು ಬೇರೆ, ಬಡ್ಡಿ ಕಟ್ಟುವವರು ನಾವು.

ಆದ್ದರಿಂದ ಅರಿಕೆ ಇಷ್ಟೇ. 280ಕ್ಕೆ ಇಳಿಯಿರಿ ಎಂದು ಕೇಳುವ ಧೈರ್ಯ ನಮಗಿಲ್ಲ. ಏರುವುದನ್ನಾದರೂ ನಿಲ್ಲಿಸಿ. ಹೊಲ ಹರಗಿ ಇಟ್ಟಿದ್ದೇವೆ, ಹಸ್ತ ಮಳೆಗೆ ಕೂರಿಗೆ ಹೂಡುತ್ತೇವೆ. ತೆನೆ ಹಾಲುಗಟ್ಟುವ ಆ ಕೆಲವು ವಾರ ರಾತ್ರಿಗಳನ್ನು ತಂಪಾಗಿ ಬಿಡಿ.

ತಮ್ಮ ಅನ್ನದ ಋಣದಲ್ಲಿರುವ,
ಒಬ್ಬ ಜೋಳದ ರೈತ