ಬ್ರೌನ್ ಬ್ರೆಡ್ಡಿನ ಬಣ್ಣಗಾರಿಕೆ

ರಾಯರು: ಡಾಕ್ಟ್ರು ಕಾರ್ಬೋಹೈಡ್ರೇಟ್ ಕಡಿಮೆ ಮಾಡಿ ಅಂದ್ರಪ್ಪ. ಒಂದು ಬ್ರೌನ್ ಬ್ರೆಡ್ ಕೊಡು.

ಬೇಕರಿಯವ: ತಗೊಳ್ಳಿ ಸಾರ್.

ರಾಯರು: ಗೋಧಿಯದ್ದೇ ತಾನೆ?

ಬೇಕರಿಯವ: ಪ್ಯಾಕೆಟ್ಟಿನ ಹಿಂದೆ ಓದಿ. ಮೊದಲು ಮೈದಾ, ಕೊನೆಗೆ ಕ್ಯಾರಮೆಲ್ ಬಣ್ಣ.

ರಾಯರು: ಅಂದ್ರೆ ಮೈದಾಗೇ ವೇಷ ಹಾಕಿದ್ದಾರಾ!

ಬೇಕರಿಯವ: ಈ ಇನ್ನೊಂದು ಪ್ಯಾಕೆಟ್ ಪೂರ್ತಿ ಗೋಧಿಯದ್ದು. ನಾರು ಜಾಸ್ತಿ. ಆದ್ರೂ ಸ್ಲೈಸಿಗೆ ಸುಮಾರು 12 ಗ್ರಾಂ ಕಾರ್ಬೋಹೈಡ್ರೇಟ್ ಇದ್ದೇ ಇರತ್ತೆ.

ರಾಯರು: ಎರಡೇ ಸ್ಲೈಸ್ ತಿಂತೀನಿ.

ಬೇಕರಿಯವ: ಜೊತೆಗೆ ಮೊಟ್ಟೆ, ಸೌತೆಕಾಯಿ ಇಟ್ಕೊಳ್ಳಿ.

ರಾಯರು: ಮಡಿವಂತರಪ್ಪ ನಾವು, ಜಾಮ್ ಸಾಕು. ಹಾಗೇ ಎರಡು ದಿಲ್‌ಪಸಂದ್ ಕಟ್ಟು.

ಬೇಕರಿಯವ: ಕಟ್ತೀನಿ. ಅದೂ ಬ್ರೌನೇ ಸಾರ್!

ಓದುಗರೇ, ಪ್ಯಾಕೆಟ್ಟಿನ ಹಿಂದಿನ ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥವೇ ಮೊದಲು ಬರುತ್ತದೆ. ಬಣ್ಣಕ್ಕೆ ಮರುಳಾಗಬೇಡಿ, ಮೊದಲ ಹೆಸರು ಓದಿ, ಆಮೇಲೆ ದುಡ್ಡು ಕೊಡಿ.